ಅವ್ವ ತೋರಿಸದ ಹುತ್ತ

"ಎಲ್ಲಿಗೆ ಹೊರಟಿರಿ?" ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಂದ ಬರುವುದು ಒಂದೇ ಉತ್ತರ: "ಇಲ್ಲೇ." ಕೈಯಲ್ಲಿ ಸೂಟ್‌ಕೇಸು ಇರಲಿ, ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿರಲಿ, ನಾನು ಹೋಗುವುದು ಇಲ್ಲೇ. ಹೋದ ವಾರ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ "ಯಾವ ಊರಮ್ಮ?" ಎಂದು ಕೇಳಿದಾಗಲೂ "ಇಲ್ಲೇ" ಅಂದುಬಿಟ್ಟೆ. ಆಕೆ ಪೆನ್ನು ಎತ್ತಿ ಹಿಡಿದು ನನ್ನ ಮುಖವನ್ನೇ ನೋಡಿದಳು. ಪಕ್ಕದಲ್ಲಿದ್ದ ಮಗನಿಗೆ ನಾಚಿಕೆಯಾಯಿತು. "ಊರು ಹೇಳಿದ್ರ ಕಸ್ಕೊಂಡು ಹೋಗ್ತಾರೇನಮ್ಮ?" ಎಂದು ಹೊರಗೆ ಬಂದ ಮೇಲೆ ಗದರಿದ. ಕಸಿದುಕೊಂಡು ಹೋಗುವುದಿಲ್ಲ ಎಂದು ಅವನಿಗೆ ಯಾರು ಹೇಳಿದರೋ.

ನಾನು ಅನುಮಾನದ ಹೆಂಗಸು, ಒಪ್ಪಿಕೊಳ್ಳುತ್ತೇನೆ. ಮನೆಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುತ್ತೇನೆ, ಹತ್ತು ಹೆಜ್ಜೆ ಹೋದವಳು ತಿರುಗಿ ಬಂದು ಮೂರನೆಯ ಸಲ ಜಗ್ಗುತ್ತೇನೆ. ಹಾಲಿನವನು ಹಾಲು ಅಳೆಯುವಾಗ ಅವನ ಕೈ ನೋಡುವುದಿಲ್ಲ, ಮುಖ ನೋಡುತ್ತೇನೆ. ಯಾರಾದರೂ ಕಾರಣವಿಲ್ಲದೆ ನನ್ನನ್ನು ಹೊಗಳಿದರೆ ಆ ರಾತ್ರಿ ನನಗೆ ನಿದ್ದೆ ಇಲ್ಲ. ಉಳಿದ ಹೆಣ್ಣುಮಕ್ಕಳು ತವರಿನಿಂದ ಬಂಗಾರ ತಂದರು, ಬೆಳ್ಳಿ ತಂದರು. ನಾನು ಅನುಮಾನ ತಂದೆ. ಅದೂ ಅಣಬೆಯ ದೆಸೆಯಿಂದ.

ನಗಬೇಡಿ. ಹೇಳುತ್ತೇನೆ. ಆದರೆ ಮೊದಲೇ ಒಂದು ಮಾತು: ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ. ಊರು ಇಟ್ಟಿಗಿ ಎಂದು ಬರೆದಿದ್ದೇನೆ. ಅದು ಇಟ್ಟಿಗಿಯೋ ಅಲ್ಲವೋ ಎಂದು ನಿಮಗೆ ಅನುಮಾನ ಬಂದರೆ ಬರಲಿ, ನನಗೆ ಬೇಸರವಿಲ್ಲ.

ಇಟ್ಟಿಗಿ ಹಡಗಲಿ ತಾಲೂಕಿನ ಊರು. ಕುರಿ, ಜೋಳ, ಶೇಂಗಾ, ಉಳಿದದ್ದು ಧೂಳು. ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿ ಲಂಗ ಉಟ್ಟು ಓಡಾಡುತ್ತಿದ್ದಾಗ ಊರಿನವರೆಲ್ಲ ವರ್ಷದ ಹನ್ನೊಂದು ತಿಂಗಳು ಅಣ್ಣ ತಮ್ಮಂದಿರ ಹಾಗೆ ಇರುತ್ತಿದ್ದರು. ಮಿರಗ ಕೂಡಿತು, ಅಂದರೆ ಮೃಗಶಿರ ಮಳೆ ಹುಟ್ಟಿತು ಎಂದರೆ ಮಾತ್ರ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಲು ಶುರುಮಾಡುತ್ತಿದ್ದರು. ಕಾರಣ ಎರಡು. ಒಂದು, ಮಿರಗದ ದಿನ ಮೀನು ತಿಂದವರಿಗೆ ವರ್ಷವಿಡೀ ದಮ್ಮು ಬರುವುದಿಲ್ಲವೆಂದು ನಂಬಿಕೆ, ಆದರೆ ಕೆರೆಯಲ್ಲಿ ಮೀನು ಎಲ್ಲಿದೆ ಎಂದು ಬಲ್ಲವರು ಬಾಯಿ ಬಿಡುವುದಿಲ್ಲ. ಇನ್ನೊಂದು, ಅದೇ ಮಳೆಗೆ ಹುತ್ತದ ಮಗ್ಗುಲಲ್ಲಿ ಅಣಬೆ ಏಳುತ್ತದೆ. ಯಾವ ಹುತ್ತ ಎಂದು ಬಲ್ಲವರು ಬಾಯಿ ಬಿಡುವುದಂತೂ ಇಲ್ಲವೇ ಇಲ್ಲ.

ಅಣಬೆ ಎಂದರೆ ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡಿಗಳ ಹಾಗೆ ಮಲಗಿರುತ್ತವಲ್ಲ, ಅದಲ್ಲ. ಇದು ಬೆಳಗಿನ ಜಾವ ಮೊಗ್ಗಾಗಿ ಮಣ್ಣು ಸೀಳಿಕೊಂಡು ಏಳುತ್ತದೆ, ಬಿಸಿಲೇರುವಷ್ಟರಲ್ಲಿ ಕೊಡೆ ಬಿಚ್ಚುತ್ತದೆ, ಮಧ್ಯಾಹ್ನಕ್ಕೆ ಹುಳ ಬಿದ್ದು ಮುಗಿದೇ ಹೋಗುತ್ತದೆ. ಒಂದೇ ಬೆಳಗಿನ ಬದುಕು. ಆ ಬೆಳಗ್ಗೆ ಅಲ್ಲಿ ಯಾರಿರುತ್ತಾರೋ ಅವರದು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಹುರಿದರೆ ಮೂರು ಮನೆಯಾಚೆ ವಾಸನೆ ಹೋಗುತ್ತಿತ್ತು. ಅದೇ ತೊಂದರೆ. ವಾಸನೆ ಹೋದ ಮನೆಗಳಿಂದ ಮರುದಿನ ಜನ ಹಿಂದೆ ಬೀಳುತ್ತಿದ್ದರು.

ನಮ್ಮವ್ವ ಕೆಂಚವ್ವನಿಗೆ ಒಂದು ಹುತ್ತ ಗೊತ್ತಿತ್ತು. ಆ ಹುತ್ತ ಎಂದೂ ಸುಳ್ಳಾದದ್ದಿಲ್ಲವಂತೆ. ಮಳೆ ಬಿದ್ದ ಮೂರೋ ನಾಲ್ಕೋ ದಿನಕ್ಕೆ ಅವ್ವ ನಸುಕಿನಲ್ಲಿ ಎದ್ದು ಹೊರಗೆ ಹೋಗಿ, ಉಡಿ ತುಂಬ ಅಣಬೆ ಹೊತ್ತು, ಮೇಲೆ ಬೇವಿನ ಸೊಪ್ಪು ಮುಚ್ಚಿಕೊಂಡು ಬರುತ್ತಿದ್ದಳು. ಕೇಳಿದರೆ "ಕುರಿಗೆ ಔಷಧಿ". ಹೋಗುವಾಗ ಕೈಯಲ್ಲಿ ಯಾವಾಗಲೂ ನೀರಿನ ಚಂಬು. ಅವ್ವನ ಬುದ್ಧಿವಂತಿಕೆ ಎಲ್ಲ ಆ ಚಂಬಿನಲ್ಲಿತ್ತು. ಚಂಬು ಹಿಡಿದು ಬಯಲಿಗೆ ಹೊರಟ ಹೆಂಗಸಿನ ಹಿಂದೆ ಯಾರೂ ಹೋಗುವಂತಿಲ್ಲವಲ್ಲ!

ಪಕ್ಕದ ಮನೆಯ ಸಕ್ರವ್ವ ಮಾತ್ರ ಬಿಡುತ್ತಿರಲಿಲ್ಲ.

"ಎತ್ತಾಗ ಹೊಂಟಿ ಕೆಂಚವ್ವ?"

"ಇಲ್ಲೇ."

"ಇಲ್ಲೇ ಅಂದ್ರ ಎಲ್ಲಿ?"

"ಚಂಬು ಕಾಣಂಗಿಲ್ಲೇನ ನಿನಗ? ಎಲ್ಲಿ ಅಂತ ಬಿಡಿಸಿ ಹೇಳ್ಲೇನು?"

ಸಕ್ರವ್ವ ನಾಚಿಕೊಂಡವಳಂತೆ ಒಳಗೆ ಹೋಗುತ್ತಿದ್ದಳು. ಐದು ನಿಮಿಷಕ್ಕೆ ಆಕೆಯ ಎಮ್ಮೆ ಕಳೆದುಹೋಗುತ್ತಿತ್ತು. ವರ್ಷಪೂರ್ತಿ ಹಟ್ಟಿಯಲ್ಲಿ ಮಲಗಿ ಮೆಲುಕು ಹಾಕುವ ಆ ಎಮ್ಮೆ ಮಿರಗದ ಬೆಳಗ್ಗೆಗಳಲ್ಲಿ ಮಾತ್ರ ಕಳೆದುಹೋಗುತ್ತಿತ್ತು, ಅದೂ ನಮ್ಮವ್ವ ಹೋದ ದಿಕ್ಕಿಗೇ. ಅವ್ವನೂ ಕಡಿಮೆಯವಳಲ್ಲ. ಎಮ್ಮೆ ಹುಡುಕುವ ಕೂಗು ಕೇಳಿದೊಡನೆ ಒಂದು ಪೊದೆಯ ಮರೆಗೆ ಕುಳಿತುಬಿಡುವಳು. ಸಕ್ರವ್ವನ ಕಾಲು ಸೋಲುವವರೆಗೂ ಏಳುತ್ತಿರಲಿಲ್ಲ. ಒಮ್ಮೆ ಹಾಗೆ ಕುಳಿತೂ ಕುಳಿತೂ ಬಿಸಿಲೇರಿ, ಅಣಬೆ ಎಲ್ಲ ಹುಳ ಬಿದ್ದು ಬರಿಗೈಯಲ್ಲಿ ಬಂದಳು. "ಹೋದ್ರ ಹೋಗ್ಲಿ, ಆಕಿಗೂ ಸಿಗಲಿಲ್ಲಲ್ಲ" ಎಂದು ಅವತ್ತು ಬಹಳ ಖುಷಿಯಲ್ಲಿದ್ದಳು.

ಮನೆಯಲ್ಲಿ ಇನ್ನೊಂದು ಕಟ್ಟು ಇತ್ತು. ಅಣಬೆ ತಂದವರೇ ಮೊದಲು ತಿನ್ನಬೇಕು. ವಿಷದ ಅಣಬೆಯೂ ನೋಡಲು ಹಾಗೆಯೇ ಇರುತ್ತದೆ, ಕಣ್ಣನ್ನು ನಂಬುವಂತಿಲ್ಲ. ಹುರಿದದ್ದನ್ನು ಅವ್ವ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಆಮೇಲೆ ಒಂದು ವೀಳ್ಯದೆಲೆ ಮಡಿಸಿ ಅಗಿಯಲು ಕೂರುವಳು. ಆ ಎಲೆ ಮುಗಿಯುವವರೆಗೆ ನಾನೂ ತಮ್ಮ ಹನುಮಂತನೂ ತಟ್ಟೆ ಮುಂದಿಟ್ಟುಕೊಂಡು ಅವ್ವನ ಮುಖ ಕಾಯಬೇಕು. ಅವ್ವ ಸಾಯುತ್ತಾಳೋ ಇಲ್ಲವೋ ಎಂದು ನಾವು ಕಾಯುತ್ತಿದ್ದೆವು ಎಂದು ಈಗ ಬರೆಯುವಾಗ ಮೈ ಜುಮ್ಮೆನ್ನುತ್ತದೆ. ಆಗ ನಮಗಿದ್ದದ್ದು ಒಂದೇ ಚಿಂತೆ, ಈ ಎಲೆ ಯಾವಾಗ ಮುಗಿದೀತು ಎಂದು.

ಮೀನಿನ ಕಡೆಯ ಅನುಮಾನ ಬೇರೆ ಬಗೆಯದು. ಅದನ್ನು ನನಗೆ ಕಲಿಸಿದವರು ಖಾಜಾಸಾಬ್ ಮಾಮ. ಊರಲ್ಲಿ ಸೈಕಲ್ಲು, ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದ ಅವರು ಮಿರಗ ಬಂತೆಂದರೆ ಅಂಗಡಿಗೆ ಅರ್ಧ ಬಾಗಿಲು ಹಾಕಿ ಕೆರೆಯ ದಂಡೆ ಸೇರುತ್ತಿದ್ದರು. ಸ್ಪ್ಯಾನರು ಇಡುವ ಡಬ್ಬಿಯಲ್ಲಿ ಗಾಳ, ಗಿರೀಸಿನ ಡಬ್ಬಿಯಲ್ಲಿ ಎರೆಹುಳು. ಯಾರಾದರೂ ದಾರಿಯಲ್ಲಿ ಕಂಡರೆ ಪಂಪ್‌ಸೆಟ್ ರಿಪೇರಿಗೆ ಹೊರಟವರು. ಜನ ಹಾಯುವಾಗ ಗಾಳವನ್ನು ಬೇಕೆಂದೇ ಮೀನಿಲ್ಲದ ಕಡೆ ಬಿಟ್ಟುಕೊಂಡು ತೂಕಡಿಸುತ್ತಿದ್ದರು, ಜನ ಹೋದ ಮೇಲೆ ಕಣ್ಣು ಬಿಡುತ್ತಿದ್ದರು. ನನ್ನನ್ನೂ ಹನುಮಂತನನ್ನೂ ಜೊತೆಗೆ ಕೂರಿಸಿಕೊಳ್ಳುತ್ತಿದ್ದದ್ದು ಪ್ರೀತಿಯಿಂದ ಎಂದು ನಾನು ತಿಳಿದಿದ್ದೆ. ಮಕ್ಕಳು ಗಲಾಟೆ ಮಾಡುವಲ್ಲಿ ಮೀನು ಇರುವುದಿಲ್ಲ ಎಂದು ಜನ ತಿಳಿಯಲಿ ಎಂದೂ ಇರಬಹುದು.

ಅವರು ಹಿಡಿಯುತ್ತಿದ್ದದ್ದು ಕೊರಮೀನು. ಕಪ್ಪು ಮೈ, ಹಾವಿನ ತಲೆ. ಮಳೆಗಾಲದ ಹೊಸ ನೀರಿಗೆ ಅದು ಮರಿ ಮಾಡುತ್ತದೆ. ನೂರಾರು ಮರಿಗಳು ಒಟ್ಟಿಗೆ ಕೆಂಪಗೆ ಕುಂಕುಮ ಚೆಲ್ಲಿದ ಹಾಗೆ ನೀರ ಮೇಲೆ ತೇಲುತ್ತಿರುತ್ತವೆ, ತಾಯಿ ಕೆಳಗೆ ಕಾಯುತ್ತಿರುತ್ತದೆ.

"ಈ ಮೀನು ಹಸದು ಗಾಳ ಕಚ್ಚತೈತಿ ಅಂತ ತಿಳಿಬ್ಯಾಡ ಬೇಟಿ" ಎಂದರು ಮಾಮ. "ಮರಿ ಹತ್ರ ಏನು ಬಂದ್ರೂ ಅದಕ್ಕ ಶಕ್ ಬರ್ತೈತಿ, ಅನುಮಾನ. ಶಕ್ ಬಂದ ಕೂಡ್ಲೇ ಬಾಯಿ ಹಾಕ್ತೈತಿ."

ಅವತ್ತು ಗಾಳ ನನ್ನ ಕೈಯಲ್ಲಿತ್ತು. ಆ ಕೆಂಪು ಹಿಂಡಿನ ಪಕ್ಕಕ್ಕೆ ಬಿಟ್ಟೆ. ಎಣಿಸಿ ಮೂರು ಉಸಿರು, ಕೋಲು ಬಿಲ್ಲಿನಂತೆ ಬಗ್ಗಿತು. ನಾನು ಕಿರುಚಿ ಹಿಂದಕ್ಕೆ ಬಿದ್ದೆ, ಮೀನು ನನ್ನ ಮೇಲೆ ಬಿತ್ತು. ಮೊಳದುದ್ದದ ಕೊರಮೀನು. ಲಂಗದಲ್ಲಿ ಸುತ್ತಿಕೊಂಡು ಓಡಿದೆ. ಅವ್ವ ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಆಕೆ ಎಲ್ಲಿ, ಹೇಗೆ ಎಂದೆಲ್ಲ ವಿಚಾರಿಸಿ, "ಮರಿ ಕಾಯೋದನ್ನ ಹಿಡಕೊಂಡು ಬಂದೀಯಲ್ಲ, ಮರಿ ಯಾರು ನೋಡ್ಬೇಕು?" ಎಂದಳು. ಸಾರು ಮಾಡಿ ನಮಗೆ ಬಡಿಸಿದಳು, ತಾನು ಮಾತ್ರ ಖಾರಪುಡಿ ಕಲಸಿಕೊಂಡು ರೊಟ್ಟಿ ತಿಂದಳು. ನಾನು ಚಪ್ಪರಿಸಿ ತಿಂದೆ. ಸುಳ್ಳೇಕೆ ಹೇಳಲಿ, ಅಂಥ ಮೀನನ್ನು ಆಮೇಲೆ ತಿಂದಿಲ್ಲ.

ಎಲ್ಲಿಂದಲೋ ಎಲ್ಲಿಗೋ ಬಂದೆ. ಅಣಬೆಗೆ ತಿರುಗುತ್ತೇನೆ.

ನನಗೆ ಹದಿನೈದು ತುಂಬಿದಾಗ "ಅವ್ವ, ಹುತ್ತ ತೋರ್ಸು" ಎಂದು ಕೇಳಿದೆ. ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು: "ಕೊಟ್ಟ ಹೆಣ್ಣು ಕುಲಕ್ಕ ಹೊರಗ." ಆ ಹುತ್ತ ಮನೆಯ ಹೆಂಗಸರದು. ಅತ್ತೆ ಸೊಸೆಗೆ ತೋರಿಸಬೇಕು, ಸೊಸೆ ತನ್ನ ಸೊಸೆಗೆ. ಗಂಡಸರಿಗೆ ಹೇಳುವಂತಿಲ್ಲ, ಗಂಡಸರ ಬಾಯಿ ಚಹಾದಂಗಡಿಯಲ್ಲಿ ತೆರೆದುಕೊಳ್ಳುತ್ತದೆ. ಹೆಣ್ಣುಮಕ್ಕಳಿಗೂ ಹೇಳುವಂತಿಲ್ಲ, ಅವರು ಗುಟ್ಟನ್ನು ಕೊಟ್ಟ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಅವ್ವನಿಗೆ ನಮ್ಮಜ್ಜಿ ತೋರಿಸಿದ್ದು ಮದುವೆಯಾದ ಏಳನೆಯ ವರ್ಷ. ಏಳು ವರ್ಷ ಅಜ್ಜಿ ಸೊಸೆಯನ್ನು ಪರೀಕ್ಷೆ ಮಾಡಿದಳಂತೆ.

ಹರಪನಹಳ್ಳಿಗೆ ಮದುವೆಯಾಗಿ ಬಂದೆ. ನನ್ನ ಅತ್ತೆಗೆ ಈ ಸಂಗತಿ ತಿಳಿದು ಪ್ರತಿ ಮಿರಗಕ್ಕೂ ಒಂದು ಮಾತು ತಯಾರಾಯಿತು. "ನಿಮ್ಮವ್ವ ನಿನಗ ಒಂದು ಹುತ್ತ ನಂಬಿ ಹೇಳಿಲ್ಲ. ಇನ್ನ ನಾವು ನಿನ್ನ ನಂಬಿ ಬೀಗದಕೈ ಕೊಡೋಣೇನು?" ನನ್ನ ಗಂಡ ಒಳ್ಳೆಯವನು, ಆದರೆ ಹೊಟ್ಟೆಬಾಕ. "ಕೇಳಿ ನೋಡಬಾರದೇನ, ಮಗಳಲ್ಲ ನೀನು?" ಎಂದು ಅವನದೊಂದು ಕಡೆ. ಇಬ್ಬರ ಮಾತೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದಿತ್ತು. ಬಿಡಲಾಗಲಿಲ್ಲ. ಏಕೆಂದರೆ ಅದು ನನ್ನದೇ ಪ್ರಶ್ನೆಯಾಗಿತ್ತು. ಹೆತ್ತವಳು ನನ್ನನ್ನು ನಂಬುವುದಿಲ್ಲವೇ? ನನಗೆ ಅಣಬೆ ಬೇಕಿರಲಿಲ್ಲ. ಆ ಹುತ್ತ ಎಲ್ಲಿದೆ ಎಂದು ಅವ್ವ ತನ್ನ ಬಾಯಾರೆ ಹೇಳುವುದು ಬೇಕಿತ್ತು.

ಎಂಬತ್ತರ ದಶಕದ ಕೊನೆಗೆ ಹನುಮಂತನಿಗೆ ಮದುವೆಯಾಯಿತು. ಸೊಸೆ ರತ್ನ ನಮ್ಮ ಹರಪನಹಳ್ಳಿ ಪಕ್ಕದ ಅರಸೀಕೆರೆ ಕಡೆಯವಳು. ಚುರುಕು, ಬಾಯಿ ಮೆತ್ತಗೆ, "ಅಕ್ಕಾರ, ಅಕ್ಕಾರ" ಎಂದು ನನ್ನ ಹಿಂದೆಯೇ ಇರುವವಳು. ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚು. ಮೊನ್ನೆ ಬಂದವಳಿಗೆ ಇಂದಲ್ಲ ನಾಳೆ ಹುತ್ತ ಸಿಗುತ್ತದೆ, ಇಲ್ಲೇ ಹುಟ್ಟಿದ ನನಗೆ ಸಿಗುವುದಿಲ್ಲ. ಆಕೆ ನೀರು ಕೊಟ್ಟರೂ ಯಾಕೆ ಕೊಟ್ಟಳು ಎಂದು ಯೋಚಿಸುತ್ತಿದ್ದೆ.

ರತ್ನ ಬಂದ ಮೂರನೆಯ ವರ್ಷ ಮಿರಗಕ್ಕೆ ತವರಿಗೆ ಹೋದೆ. ಹನುಮಂತ ಆ ಹೊತ್ತಿಗೆ ಒಕ್ಕಲುತನದಲ್ಲಿ ಗಟ್ಟಿಯಾಗಿದ್ದ. ನಮ್ಮ ಹಳ್ಳದ ಹೊಲವನ್ನು ಬಾಡಿಗೆ ಟ್ರ್ಯಾಕ್ಟರು ತರಿಸಿ ಸಮ ಮಾಡಿಸಿದ್ದ, ಎರಡು ವರ್ಷದಿಂದ ಶೇಂಗಾ ಭರ್ತಿ ಬಂದಿತ್ತು. ನಾನು ಹೋದೊಡನೆ ಅವ್ವ ತಬ್ಬಿಕೊಂಡಳು. ಮರುಗಳಿಗೆಗೆ ಕೇಳಿದಳು: "ಯಾಕ ಬಂದಿ?"

"ಬರಬಾರದೇನು?"

"ಮಿರಗಕ್ಕ ಬಂದೀಯಲ್ಲ. ಅದಕ್ಕ ಕೇಳಿದೆ."

ನನಗೆ ಪಿತ್ತ ನೆತ್ತಿಗೇರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಬಂದದ್ದೂ ಅದಕ್ಕೇ ಆಗಿತ್ತು.

ಮರುದಿನ ಬೆಳಗ್ಗೆ ಅವ್ವ ತಂದ ಉಡಿಯ ಅಣಬೆಯನ್ನು ತೊಳೆಯಲು ಕುಳಿತೆ. ಅನುಮಾನದವರ ಕಣ್ಣು ಸುಮ್ಮನಿರುವುದಿಲ್ಲ. ಅಣಬೆಯ ಬುಡಕ್ಕೆ ಬಿಳಿಯ ಗರಸು ಮಣ್ಣು ಅಂಟಿಕೊಂಡಿತ್ತು. ನಾನು ಚಿಕ್ಕವಳಿದ್ದಾಗ ಯಾವಾಗಲೂ ಕೆಂಪು ಮಣ್ಣು ಅಂಟಿರುತ್ತಿತ್ತು, ತೊಳೆದ ನೀರು ಕೆಂಪಾಗುತ್ತಿತ್ತು. ಊಟದ ಹೊತ್ತಿಗೆ ಇನ್ನೊಂದು ಕಂಡೆ. ಮೊದಲ ಹಿಡಿ ತಿಂದ ಅವ್ವ ಒಂದಲ್ಲ, ಎರಡು ಎಲೆ ಅಗಿದಳು. ಎರಡನೆಯದು ಪೂರ್ತಿ ಮುಗಿದ ಮೇಲೂ ಸ್ವಲ್ಪ ಹೊತ್ತು ತಡೆದು "ಇನ್ನ ಉಣ್ರಿ" ಎಂದಳು. ಅವ್ವ ಬೇರೆ ಹುತ್ತ ಹಿಡಿದಿದ್ದಾಳೆ ಎಂದು ನನಗೆ ಖಚಿತವಾಯಿತು. ಹಾಗಾದರೆ ಹಳೆಯದನ್ನು ಸೊಸೆಗೆ ಕೊಟ್ಟಾಯಿತೇ? ಆ ರಾತ್ರಿ ಅದೇ ಗುಂಗು.

ಮಳೆ ಮತ್ತೆ ಬಿತ್ತು. ನಾಲ್ಕನೆಯ ದಿನ ನಸುಕಿನಲ್ಲಿ ಅವ್ವ ಚಂಬು ಹಿಡಿದು ಹೊರಟಳು. ನಾನೂ ಒಂದು ಚಂಬು ಹಿಡಿದು ಹೊರಟೆ. ಸಕ್ರವ್ವನಿಗೆ ಬಾರದ ಬುದ್ಧಿ ನನಗೆ ಬಂದಿತ್ತು.

ಅವ್ವ ಮೊದಲು ಕೆರೆಯ ಕಡೆ ಹೋದಳು, ಅಲ್ಲಿಂದ ಸುತ್ತಿ ಹಾಳು ಬಾವಿ, ಅಲ್ಲಿಂದ ಕುರಿಹಟ್ಟಿ. ಎರಡು ಸಲ ನಿಂತು ಹಿಂದೆ ನೋಡಿದಳು. ಎರಡು ಸಲವೂ ನಾನು ನೆಲಕ್ಕೆ ಕುಳಿತೆ. ಕೊನೆಗೆ ಲಂಬಾಣಿ ತಾಂಡಾದ ದಾರಿಯಲ್ಲಿದ್ದ ಹುಣಸೆಮರದ ಕೆಳಗೆ ನಿಂತಳು. ಅಲ್ಲಿ ಹುತ್ತವಿರಲಿಲ್ಲ. ತಾಂಡಾದ ಸೀತಿಬಾಯಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಅವ್ವ ಉಡಿಯಿಂದ ಒಂದು ಸೇರಿನಷ್ಟು ಜೋಳ ಆಕೆಯ ಬುಟ್ಟಿಗೆ ಸುರಿದಳು. ಆಕೆ ಬುಟ್ಟಿಯ ಇನ್ನೊಂದು ಮಗ್ಗುಲಿನಿಂದ ಅಣಬೆ ತೆಗೆದು ಅವ್ವನ ಉಡಿಗೆ ಹಾಕಿದಳು.

ನನ್ನ ಕಣ್ಣಲ್ಲಿ ಬೆಂಕಿ ಬಂತು. ಹೆತ್ತ ಮಗಳಿಗೆ ಹೇಳದ ಜಾಗವನ್ನು ತಾಂಡಾದವಳಿಗೆ ಹೇಳಿದ್ದಾಳೆ, ಕೂಲಿಗೆ ಕೀಳಿಸುತ್ತಿದ್ದಾಳೆ! ಪೊದೆಯಿಂದ ಎದ್ದು ಹೊರಗೆ ಬಂದೇ ಬಿಟ್ಟೆ.

"ಚಲೋ ಮಾಡಿದಿ ಯವ್ವ! ಊರಿಗೆಲ್ಲ ಹೇಳಿ, ನನಗೊಬ್ಬಾಕಿಗೆ ಹೇಳಬ್ಯಾಡ!"

ಸೀತಿಬಾಯಿ ಬೆಚ್ಚಿ, ಆಮೇಲೆ ನಕ್ಕಳು. "ನಿನ್ನ ಮಗಳೇನ ಕೆಂಚವ್ವ? ನಿನ್ನಂಗ ಪೊದಿಯಾಗ ಕುಂತಾಳ ನೋಡು." ಬುಟ್ಟಿ ತಲೆಗೇರಿಸಿಕೊಂಡು ಹೋದಳು.

ಅವ್ವ ನಗಲಿಲ್ಲ. ಬೈಯಲೂ ಇಲ್ಲ. ನಾನು ಅತ್ತೆಯ ಮಾತು, ಬೀಗದಕೈ, ಹದಿನೈದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಅಳುತ್ತ ಹೇಳಿದೆ. ಎಲ್ಲ ಕೇಳಿ, "ಜಾಗ ಬೇಕಲ್ಲ ನಿನಗ? ಬಾ" ಎಂದು ಮುಂದೆ ನಡೆದಳು.

ಹೋದದ್ದು ನಮ್ಮದೇ ಹಳ್ಳದ ಹೊಲಕ್ಕೆ. ಹದ ಮಾಡಿ ಹರಗಿದ ಹೊಲ, ಬಿತ್ತಿಗೆಗೆ ಕಾಯುತ್ತಿತ್ತು. ಬದುವಿನ ಮೂಲೆಗೆ ಹೋಗಿ ಅವ್ವ ನಿಂತಳು.

"ಇಲ್ಲೇ ಇತ್ತು."

ನೆಲ ಸಮತಟ್ಟಾಗಿತ್ತು. ಒಂದು ಹೆಂಟೆಯೂ ಇರಲಿಲ್ಲ. ಆಗ ನೆನಪಾಯಿತು, ಆ ಮೂಲೆಯಲ್ಲಿ ಕಾರೆಮುಳ್ಳಿನ ಪೊದೆಯ ಮರೆಗೆ ಒಂದು ಕೆಂಪು ಹುತ್ತವಿತ್ತು. ಅದರ ನೆರಳಿಗೆ ಕುಳಿತು ನಾನೂ ಹನುಮಂತನೂ ಎಷ್ಟೋ ಮಧ್ಯಾಹ್ನ ಬುತ್ತಿ ಉಂಡಿದ್ದೆವು. ಊರೆಲ್ಲ ಗುಡ್ಡ ಸುತ್ತುತ್ತಿತ್ತು, ಹುತ್ತ ನಮ್ಮ ಬೆನ್ನ ಹಿಂದೆಯೇ ಇತ್ತು.

"ಟ್ರ್ಯಾಕ್ಟರ್ ಬಂದ ದಿನ ನಾ ಬುತ್ತಿ ತರೋದು ತಡ ಆತು" ಎಂದಳು ಅವ್ವ. "ಬರೋದ್ರಾಗ ಎಲ್ಲಾ ಸಾಪ ಆಗಿತ್ತು. ನಿನ್ನ ತಮ್ಮ ಕಾಯಿ ಒಡದು, ನಾಗಪ್ಪಗ ಕೈ ಮುಗದು, ಆಮ್ಯಾಲ ಕೆಡವ್ಯಾನ. ಅಷ್ಟು ಧರ್ಮ ಇಟ್ಕೊಂಡಾನ ಪಾಪ. ನನ್ನ ನೋಡಿ ಓಡಿ ಬಂದ. 'ಯವ್ವಾ, ಮೂಲಿನೂ ಹೊಲಕ್ಕ ಬಂತು, ಇನ್ನೂ ನಾಕು ಸಾಲು ಶೇಂಗಾ ಹಿಡಿತೈತಿ' ಅಂದ. ಮುಖ ಹೆಂಗ ಅರಳಿತ್ತಂತಿ."

"ನೀ ಏನಂದಿ?"

"ಚಲೋ ಮಾಡಿದಿ ಮಗನ ಅಂದೆ. ಬುತ್ತಿ ಬಿಚ್ಚಿ ಉಣ್ಣಾಕ ನೀಡಿದೆ."

ಅವ್ವ ಬದುವಿನ ಮೇಲೆ ಕುಳಿತಳು. ಆಮೇಲೆ ಆಕೆಯೇ ಹೇಳಿದಳು. "ಅವನಿಗ ಮೊದಲಾ ಒಂದು ಮಾತು ಹೇಳಿದ್ರ ಉಳೀತಿತ್ತು. ಗಂಡಸರಿಗೆ ಹೇಳಬ್ಯಾಡ ಅಂತ ನಮ್ಮತ್ತಿ ಅಂದಿದ್ಲು, ನಾ ಹೇಳಲಿಲ್ಲ. ಈಗ ಹೇಳಿದ್ರ ಅವನು ಉಂಡ ಅನ್ನ ಗಂಟಲದಾಗ ನಿಲ್ತೈತಿ. ಗೊತ್ತಿಲ್ಲದ ಮಾಡ್ಯಾನ, ಗೊತ್ತಿಲ್ಲದಂಗ ಇರ್ಲಿ."

"ರತ್ನಾಗಾದ್ರೂ ಹೇಳಬೇಕಿಲ್ಲೇನು?"

"ಆಕಿಗೆ ಹೇಳಿದ್ರ ಅದು ಗಂಡ ಹೆಂಡ್ತಿ ನಡುವಿನ ಮಾತಾಗತೈತಿ. ಜಗಳ ಆದಾಗೆಲ್ಲ ಹುತ್ತ ಎದ್ದು ಬರ್ತೈತಿ. ಈ ಮಾತು ಈ ಮನ್ಯಾಗ ಇರಬಾರದು ಶಾಂತಿ. ನೀ ಹೊರಗಿನಾಕಿ. ಹೊರಗ ಒಯ್ಯಿ."

ಯಾವ ಮಾತಿಗೆ ನಾನು ಹದಿನೈದು ವರ್ಷ ನೊಂದಿದ್ದೆನೋ ಆ ಮಾತನ್ನೇ ಹೇಳಿ ಅವ್ವ ನನ್ನ ಕೈ ಹಿಡಿದುಕೊಂಡಿದ್ದಳು. ಮೈಲಾರಪ್ಪನ ಆಣೆ ಮಾಡಿಸಿಕೊಂಡಳು, ತಮ್ಮ ಇರುವತನಕ ಬಾಯಿ ಬಿಡುವುದಿಲ್ಲ ಎಂದು. ಮಾಡಿದೆ. ಆ ಆಣೆಯ ಹೆದರಿಕೆಗೇ ಇಲ್ಲಿ ಹೆಸರು, ಊರು ಬದಲಾಯಿಸಿದ್ದು. ತಿರುಗಿ ಬರುವಾಗ ಇನ್ನೊಂದು ಕೇಳಿದೆ, ಎರಡು ಎಲೆ ಯಾಕೆ ಅಗಿಯುತ್ತೀ ಎಂದು.

"ನನ್ನ ಹುತ್ತದ್ದು ನಾ ಕಣ್ಣು ಮುಚ್ಚಿ ತಿಂತಿದ್ದೆ. ಇವು ಯಾವ ಗುಡ್ಡದ್ದೋ ಏನೋ. ಸೀತಿನ್ನ ನಂಬ್ತೀನಿ, ಅಣಬಿ ನಂಬಾಕ ಬರಂಗಿಲ್ಲ." ಇಷ್ಟು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾವು ಮಕ್ಕಳಾಗಿದ್ದಾಗ ಆಟದಂತೆ ಕಂಡದ್ದನ್ನು ಅವ್ವ ಈಗ ನಿಜವಾಗಿ ಮಾಡುತ್ತಿದ್ದಳು. ಮಗನಿಗೆ ಸುಳ್ಳು ಬಡಿಸುವ ಮೊದಲು ಅದರಲ್ಲಿ ವಿಷವಿಲ್ಲ ಎಂದು ತನ್ನ ಹೊಟ್ಟೆಯಲ್ಲಿ ನೋಡಿಕೊಳ್ಳುತ್ತಿದ್ದಳು.

ಅವತ್ತು ಹನುಮಂತ ಕೆರೆಯಿಂದ ಕೊರಮೀನನ್ನೂ ತಂದಿದ್ದ. ಒಂದು ಒಲೆಯ ಮೇಲೆ ಮೀನಿನ ಸಾರು, ಇನ್ನೊಂದರ ಮೇಲೆ ಅಣಬೆ. ರತ್ನ ಎಲ್ಲರ ತಟ್ಟೆಗೂ ರೊಟ್ಟಿ ಹಾಕಿದಳು. ಅವ್ವ ಎಂದಿನಂತೆ ಮೊದಲ ಹಿಡಿ ಎತ್ತಿದಳು. ನಮ್ಮ ಮನೆಯಲ್ಲಿ ಆ ಗಳಿಗೆಯಲ್ಲಿ ಬೇರೆ ಯಾರ ಕೈಯೂ ಅಣಬೆಗೆ ಹೋಗುವಂತಿಲ್ಲ. ನನ್ನ ಕೈ ಹೋಯಿತು. ನಾನು ಯೋಚಿಸಿ ಮಾಡಿದ್ದಲ್ಲ. ಆಕೆಯೊಬ್ಬಳೇ ತಿನ್ನುವುದನ್ನು ನೋಡುತ್ತ ಕೂರಲು ಆಗಲಿಲ್ಲ, ಅಷ್ಟೆ. ಅವ್ವನ ಜೊತೆಗೇ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.

ಅವ್ವ ನನ್ನ ಕಡೆ ನೋಡಲಿಲ್ಲ. ಎಲೆ ಮಡಿಸಿ ಒಂದನ್ನು ನನ್ನ ಕೈಗಿತ್ತಳು.

ರೊಟ್ಟಿಯ ಬುಟ್ಟಿ ಹಿಡಿದ ರತ್ನ ನಿಂತಲ್ಲೇ ನಿಂತಳು. ತಂದವರೇ ಮೊದಲು ತಿನ್ನಬೇಕೆಂಬ ಕಟ್ಟು ಆಕೆಗೂ ಗೊತ್ತು. ನಾವಿಬ್ಬರೂ ಕೂಡಿ ತಿಂದದ್ದಕ್ಕೆ ಆಕೆ ಒಂದೇ ಅರ್ಥ ಮಾಡಿಕೊಂಡಳು. ಬೇರೆ ಅರ್ಥವಾದರೂ ಎಲ್ಲಿತ್ತು? ಸಂಜೆ ಪಾತ್ರೆ ತಿಕ್ಕುವಲ್ಲಿಗೆ ಬಂದು ಪಕ್ಕದಲ್ಲಿ ಕುಳಿತಳು.

"ತೋರ್ಸಿದ್ರೇನ ಅಕ್ಕಾರ?"

ತೋರಿಸಲಿಲ್ಲ ಎಂದರೆ ಸುಳ್ಳು, ತೋರಿಸಿದಳು ಎಂದರೆ ಇನ್ನೂ ದೊಡ್ಡ ಸುಳ್ಳು. ನಾನು ಬೂದಿ ಹಚ್ಚಿ ಒಂದೇ ಚರಿಗೆಯನ್ನು ತಿಕ್ಕುತ್ತ ಕುಳಿತೆ.

"ಇರ್ಲಿ ಬಿಡ್ರಿ" ಎಂದು ಎದ್ದಳು. "ಮೂರು ವರ್ಷ ಆತು ನಾ ಬಂದು. ನಾ ಇನ್ನೂ ಹೊರಗಿನಾಕಿ ಅಂತ ಗೊತ್ತಾತು."

ಆಕೆಯ ದನಿಯಲ್ಲಿ ಕೇಳಿದ ನೋವು ನನಗೆ ಚೆನ್ನಾಗಿ ಗೊತ್ತಿದ್ದ ನೋವು. ಕರೆದು ಕೂರಿಸಿ ಎಲ್ಲ ಹೇಳಿಬಿಡಬೇಕು ಅನಿಸಿತು. ಹೇಳಲಿಲ್ಲ. ಆ ಹುಡುಗಿ ಆಮೇಲೆ ನನಗೆ ಯಾವ ಕೊರತೆಯನ್ನೂ ಮಾಡಲಿಲ್ಲ, ಹೋದಾಗೆಲ್ಲ ಬಿಸಿನೀರು, ಬಿಸಿರೊಟ್ಟಿ. ಹಿಂದೆ ಹಿಂದೆ ಬಂದು "ಅಕ್ಕಾರ" ಎಂದು ಹರಟೆ ಹೊಡೆಯುವುದು ಮಾತ್ರ ಅವತ್ತಿಗೇ ನಿಂತಿತು. ಅವ್ವನ ನಂಬಿಕೆ ಸಿಕ್ಕಿದ ದಿನವೇ ರತ್ನಳ ನಂಬಿಕೆ ಹೋಯಿತು.

ಮರುದಿನ ಹರಪನಹಳ್ಳಿಗೆ ಹೊರಟೆ. ರತ್ನ ಹೊಸ್ತಿಲಲ್ಲಿ ನಿಂತು ನನಗೆ ಉಡಿ ತುಂಬಿದಳು, ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ, ಎಲ್ಲ ಕ್ರಮವಾಗಿ. ಮುಖ ಎತ್ತಿ ನೋಡಲಿಲ್ಲ. ಬಸ್ಸಿನ ತನಕ ಅವ್ವ ಬಂದಳು. ನಾನು ಕಿಟಕಿಯ ಪಕ್ಕ ಕುಳಿತ ಮೇಲೆ ಹನುಮಂತ ಏದುಸಿರು ಬಿಡುತ್ತ ಓಡಿ ಬಂದ. ಮುತ್ತುಗದ ಎಲೆಯಲ್ಲಿ ಕಟ್ಟಿದ ಗಂಟೊಂದನ್ನು ನನ್ನ ಮಡಿಲಿಗೆ ತುರುಕಿದ.

"ನಾಕು ಅಣಬಿ ಹುರಿದು ತೆಗದಿಟ್ಟಿದ್ದೆ ಅಕ್ಕ. ಭಾವಗ ಕೊಡು. ಅವ್ವನ ಹುತ್ತದ್ದು ಅಂತ ಹೇಳು" ಎಂದ. ಆಮೇಲೆ ಅವ್ವನ ಕಡೆ ಹೆಬ್ಬೆರಳು ತೋರಿಸಿ ದೊಡ್ಡದಾಗಿ ನಕ್ಕ. "ಎಲ್ಲೈತೋ ಏನೋ ಆ ಹುತ್ತ, ಹೊಟ್ಟಿಲೆ ಹುಟ್ಟಿದ ಮಗನಿಗೂ ಹೇಳಂಗಿಲ್ಲ ನೋಡು ಈಕಿ. ಹೇಳಿದ್ರ ನಾನೇನು ಅದನ್ನ ಕೆಡವಿ ಹಾಕ್ತೀನೇನು?"

ಅವ್ವ ಬಸ್ಸಿನ ಕಡೆ ನೋಡಲಿಲ್ಲ. ಮಗನ ಮುಖ ನೋಡಿ, ಅವನ ಜೊತೆ ತಾನೂ ನಕ್ಕಳು.